ಸಾಂಪ್ರದಾಯಿಕ ಶೈಲಿಗೆ ಆನ್‌ಲೈನ್ ಡಿಸೈನರ್: ನಕ್ಷೆ ತಗೊಳ್ಳಿ, ಖರೀದಿ ಪಟ್ಟಿ ಬಿಡಿ

ಮೊದಲೇ ಹೇಳಿಬಿಡುತ್ತೇನೆ, ದುಡ್ಡು ದಂಡವಾಗಲಿಲ್ಲ. ಆದರೆ ಆನ್‌ಲೈನಲ್ಲಿ ಮನೆಯ ಒಳಾಂಗಣ ವಿನ್ಯಾಸ ಮಾಡಿಕೊಡುವ ಈ ಸೇವೆಯವರು ಯಾವುದನ್ನು ದೊಡ್ಡದಾಗಿ ತೋರಿಸಿ ಗಿರಾಕಿ ಹಿಡಿಯುತ್ತಾರೋ ಅದು ಅಷ್ಟಕ್ಕಷ್ಟೆ. ಯಾವುದರ ಬಗ್ಗೆ ಒಂದು ಸಾಲೂ ಹೇಳಿಕೊಂಡಿಲ್ಲವೋ ಅದೇ ಕೆಲಸಕ್ಕೆ ಬಂತು. ಹೆಸರು ಬೇಡ. ಇಂಥ ಸೇವೆಗಳು ಈಗ ಬೇಕಾದಷ್ಟಿವೆ, ನಡೆಯುವ ರೀತಿಯೂ ಹೆಚ್ಚುಕಡಿಮೆ ಒಂದೇ. ಮೊದಲು ಚಿತ್ರಗಳ ಕ್ವಿಜ್. ಆಮೇಲೆ ಕೋಣೆಯ ಫೋಟೊ, ಅಳತೆ ಕಳಿಸಬೇಕು. ಒಬ್ಬರು ಡಿಸೈನರ್ ವಿಡಿಯೊ ಕರೆಯಲ್ಲಿ ಮಾತಾಡುತ್ತಾರೆ. ಕೊನೆಗೆ ನೆಲದ ನಕ್ಷೆ, ಕೋಣೆ ಹೀಗೆ ಕಾಣುತ್ತದೆ ಅನ್ನುವ ತ್ರೀಡಿ ಚಿತ್ರ, ಏನೇನು ಕೊಳ್ಳಬೇಕು ಅನ್ನುವ ಪಟ್ಟಿ.

ನನಗೆ ಬೇಕಿದ್ದುದು ಇಷ್ಟೇ. ಕೂರುವ ಕೋಣೆಗೆ ಬೆಚ್ಚನೆಯ ಭಾವ ಬರಬೇಕು, ಸ್ವಲ್ಪ ಹಳೇ ಕಾಲದ ಗಾಂಭೀರ್ಯ ಇರಬೇಕು, ಆದರೆ ಬಂದವರು ಕೂರೋಕೆ ಹೆದರಬಾರದು.

ಕ್ವಿಜ್ ಬಗ್ಗೆ ನನ್ನ ತಕರಾರು ಗಟ್ಟಿಯಾಗಿದೆ. ಎರಡೆರಡು ಚಿತ್ರ ತೋರಿಸಿ ಯಾವುದು ಇಷ್ಟ ಅಂತ ಕೇಳುತ್ತಾರೆ. ಸರಿ. ಆದರೆ ಸಾಂಪ್ರದಾಯಿಕ ಅನ್ನುವ ಕೋಣೆಗಳನ್ನೆಲ್ಲ ಸಂಜೆ ಹೊತ್ತು ಟೇಬಲ್ ದೀಪ ಹಚ್ಚಿ ತೆಗೆದಿದ್ದಾರೆ, ಆಧುನಿಕ ಅನ್ನುವ ಕೋಣೆಗಳನ್ನೆಲ್ಲ ಮಟಮಟ ಮಧ್ಯಾಹ್ನದ ಬಿಳಿ ಬೆಳಕಲ್ಲಿ ತೆಗೆದಿದ್ದಾರೆ. ಹಾಗಾದರೆ ನಾವು ಆರಿಸಿದ್ದು ಕುರ್ಚಿಯನ್ನೋ ದೀಪವನ್ನೋ? ಕ್ವಿಜ್ ಮುಗಿದ ಕೂಡಲೇ ‘ನಿಮ್ಮದು ಬೆಚ್ಚನೆಯ ಸಾಂಪ್ರದಾಯಿಕ ಶೈಲಿ’ ಅಂತ ಒಂದು ಚಂದದ ಕಾರ್ಡ್ ಬಂತು. ಸಂಜೆ ಬೆಳಕು ಇಷ್ಟಪಡುವ ಯಾರಿಗಾದರೂ ಅದೇ ಕಾರ್ಡ್ ಬರುತ್ತದೆ ಅಂತ ನನ್ನ ಅನುಮಾನ.

ಡಿಸೈನರ್ ಕೇಳಿದ ಪ್ರಶ್ನೆಗಳು ಬೇರೆಯೇ ಇದ್ದವು. ಯಾವ ಮೂಲೆಯಲ್ಲಿ ಹೆಚ್ಚು ಹೊತ್ತು ಕೂರುತ್ತೀರಿ? ಯಾವ ಸಾಮಾನನ್ನು ಏನೇ ಆದರೂ ಮನೆಯಿಂದ ಹೊರಗೆ ಹಾಕುವುದಿಲ್ಲ? ಎರಡು ಸಾಮಾನು ಜೋಡಿಯಾಗಿ ಇಟ್ಟಿದ್ದರೆ ಸಮಾಧಾನವೋ, ಬೇರೆ ಬೇರೆ ಇದ್ದರೆ ಸಮಾಧಾನವೋ? ಜೋಡಿ ಅಂದೆ. ಅಲ್ಲಿಗೆ ಅವರಿಗೆ ಅರ್ಧ ಉತ್ತರ ಸಿಕ್ಕಿತ್ತು. ಯಾಕೆಂದರೆ ಈ ಶೈಲಿಯ ಬೆನ್ನೆಲುಬೇ ಸಮತೋಲ. ಸೋಫಾದ ಎರಡು ಪಕ್ಕ ಎರಡು ದೀಪ, ಎದುರಿಗೆ ಒಂದೇ ಥರದ ಎರಡು ಕುರ್ಚಿ, ನಡುವೆ ಕಣ್ಣು ನಿಲ್ಲುವ ಒಂದು ಜಾಗ. ಉಳಿದದ್ದು ಆಮೇಲೆ ಬರುತ್ತದೆ: ದುಂಡಗೆ ಸುತ್ತಿದ ಸೋಫಾ ಕೈ, ಕಡೆದ ಕಾಲು, ಕಪ್ಪುಗಂದು ಮರ, ಒಂದರ ಮೇಲೊಂದು ಬಟ್ಟೆಯ ಪದರ. ಒರಟು ಹಲಗೆ, ತುಕ್ಕಿನ ಕಬ್ಬಿಣ ಇಷ್ಟ ಅನ್ನುವವರದು ಹಳ್ಳಿಗಾಡಿನ ಶೈಲಿ. ಆ ಎರಡನ್ನೂ ಬೆರೆಸಿ ಕೊಡುವವರು ಬಹಳ ಜನ ಇದ್ದಾರೆ, ಇವರು ಬೆರೆಸಲಿಲ್ಲ. ಅದಕ್ಕೊಂದು ಶಹಬ್ಬಾಸ್.

ಇನ್ನು ನಕ್ಷೆ. ಸೋಫಾವನ್ನು ಗೋಡೆಗೆ ಅಂಟಿಸದೆ ಮುಂದಕ್ಕೆ ಎಳೆದರು. ಸೋಫಾಕ್ಕೂ ಟೀಪಾಯಿಗೂ ನಡುವೆ 16ರಿಂದ 18 ಇಂಚು. ಕುಳಿತಲ್ಲಿಂದ ಲೋಟ ಇಡೋಕೆ ಕೈ ಎಟುಕಬೇಕು, ಕಾಲಿಗೂ ಜಾಗ ಬೇಕು. ಕಾರ್ಪೆಟ್ ಕೋಣೆ ಮಧ್ಯೆ ಒಂಟಿಯಾಗಿ ತೇಲುವ ಹಾಗೆ ಇರಬಾರದು, ಸೋಫಾ ಮತ್ತು ಕುರ್ಚಿಗಳ ಮುಂದಿನ ಕಾಲಾದರೂ ಅದರ ಮೇಲೆ ಬರಬೇಕು ಅಂದರು. ಪರದೆಯ ಕಂಬಿ ಕಿಟಕಿ ಚೌಕಟ್ಟಿಗಿಂತ ಸಾಕಷ್ಟು ಮೇಲಿರಬೇಕು, ಬಟ್ಟೆ ನೆಲ ಮುಟ್ಟಬೇಕು, ಅದರ ಅಗಲ ಕಿಟಕಿಯ ಎರಡು ಅಥವಾ ಎರಡೂವರೆ ಪಟ್ಟು ಇರಬೇಕು, ಇಲ್ಲದಿದ್ದರೆ ನೆರಿಗೆ ಬೀಳದೆ ಬೆಡ್‌ಶೀಟ್ ಒಣಗಿ ಹಾಕಿದ ಹಾಗೆ ಕಾಣುತ್ತದೆ. ಗೋಡೆಯ ಚಿತ್ರದ ಮಧ್ಯಭಾಗ ನೆಲದಿಂದ 57ರಿಂದ 60 ಇಂಚು. ಸೋಫಾದ ಮೇಲಾದರೆ ಬೆನ್ನಿನಿಂದ ಆರೆಂಟು ಇಂಚು ಬಿಟ್ಟು. ಇವೆಲ್ಲ ಅಲಂಕಾರ ಕಲಿತವರಿಗೆ ಹಳೇ ವಿಷಯ ಇರಬಹುದು. ಆದರೆ ಒಂದು ಹೊಸ ಸಾಮಾನೂ ತರದೆ, ಬರೀ ಇದ್ದದ್ದನ್ನು ಸರಿಸಿ, ಮೊಳೆ ಹೊಡೆದ ಜಾಗ ಬದಲಿಸಿದ್ದಕ್ಕೇ ಕೋಣೆ ಬೇರೆಯಾಯಿತು. ಒಂದು ಕಡೆ ಮಾತ್ರ ಎಡವಿದರು. ಚಾವಣಿಯ ಅಂಚಿಗೆ ಅಗಲವಾದ ಮೋಲ್ಡಿಂಗ್ ಪಟ್ಟಿ ಬರೆದಿದ್ದರು, ತಗ್ಗು ಚಾವಣಿಗೆ ಅದು ಇನ್ನಷ್ಟು ಭಾರ. ಹೇಳಿದ ಮೇಲೆ ತೆಗೆದರು.

ಬೆಳಕಿನ ಪುಟಕ್ಕೇ ನಾನು ಪೂರ್ತಿ ಅಂಕ ಕೊಡುವುದು. ಬೆಚ್ಚನೆಯ ಕೋಣೆ ಬೇಕು ಅನ್ನುವವರು ಮರ, ಬಣ್ಣ ಅಂತ ಅಂಗಡಿ ಸುತ್ತುತ್ತಾರೆ. ಮೇಲೆ ಮಾತ್ರ 6500 ಕೆಲ್ವಿನ್‌ನ ಬಿಳಿ ದೀಪ ಉರಿಯುತ್ತಿರುತ್ತದೆ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಸಂಖ್ಯೆ ಇಳಿದಷ್ಟೂ ಹಳದಿ). ಅದರ ಕೆಳಗೆ ಎಂಥ ಕೆನೆ ಬಣ್ಣದ ಗೋಡೆಯೂ ಪೇಲವ, ಎಂಥ ಮರವೂ ಬೂದಿ. ಇವರು ಕೊಟ್ಟ ಸಂಖ್ಯೆ 2700 ಕೆಲ್ವಿನ್. ಹಳೇ ತಂತಿ ಬಲ್ಬಿನ ಬೆಳಕು ಹೆಚ್ಚುಕಡಿಮೆ ಇಷ್ಟೇ ಹಳದಿ. 3000 ನಡೆಯುತ್ತದೆ, 4000 ದಾಟಿದರೆ ಆಫೀಸು. ಜೊತೆಗೆ ಸಿಆರ್‌ಐ 90ಕ್ಕಿಂತ ಕಡಿಮೆ ಇರಬಾರದು ಅಂತ ಬರೆದಿದ್ದರು. ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅನ್ನುವ ಅಳತೆ ಅದು. ಅದು ಕಡಿಮೆ ಇದ್ದರೆ ಬೆಳಕು ಹಳದಿಯೇ ಇದ್ದರೂ ಕೆಂಪು, ಕಂದು ಎಲ್ಲ ಸತ್ತ ಹಾಗೆ ಕಾಣುತ್ತವೆ, ಈ ಶೈಲಿಯಲ್ಲಿ ಇರುವುದೇ ಅವು. ಚಾವಣಿಯ ಒಂದೇ ದೀಪದ ಬದಲು ಮೂರು ಎತ್ತರದಲ್ಲಿ ಬೆಳಕು: ನೆಲದ ಮೇಲೆ ನಿಲ್ಲುವ ಒಂದು ದೀಪ, ಪಕ್ಕದ ಮೇಜಿನ ಜೋಡಿ ದೀಪ, ಚಿತ್ರದ ಮೇಲೆ ಒಂದು ಸಣ್ಣದು. ದೀಪಕ್ಕೆ ಬಟ್ಟೆಯ ಶೇಡ್ ಇದ್ದರೆ ಇನ್ನೂ ಒಳ್ಳೆಯದು. ಬೆಳಕು ತಗ್ಗಿಸುವ ಡಿಮ್ಮರ್ ಸ್ವಿಚ್ ಹಾಕಿಸುವುದಾದರೆ ಎಲ್‌ಇಡಿ ಡಬ್ಬದ ಮೇಲೆ ಡಿಮ್ ಮಾಡಬಹುದು ಅಂತ ಬರೆದಿರಬೇಕು, ಇಲ್ಲದಿದ್ದರೆ ಮಿಣಮಿಣ ಶುರುವಾಗುತ್ತದೆ. ಇನ್ನೊಂದು ವಿಷಯ ಇವರು ಹೇಳಲಿಲ್ಲ, ಹೇಳಬೇಕಿತ್ತು. ತಂತಿ ಬಲ್ಬನ್ನು ತಗ್ಗಿಸಿದಷ್ಟೂ ಬೆಳಕು ಕೆಂಪಾಗುತ್ತಿತ್ತು, ಸಾಮಾನ್ಯ ಎಲ್‌ಇಡಿ ಹಾಗಲ್ಲ, ಬಣ್ಣ ಅದೇ ಇದ್ದು ಬರೀ ಮಂಕಾಗುತ್ತದೆ. ಆ ಕೆಂಪು ಬೇಕು ಅಂದರೆ ಅದಕ್ಕಾಗಿಯೇ ‘ವಾರ್ಮ್ ಡಿಮ್’ ಬಲ್ಬ್ ಸಿಗುತ್ತವೆ.

ಬಣ್ಣದ ವಿಷಯದಲ್ಲೂ ಇದೇ ಮಾತು. ಸಣ್ಣ ಚೀಟಿ ನೋಡಿ ಆರಿಸಬೇಡಿ, ದೊಡ್ಡ ಹಲಗೆಗೆ ಬಳಿದು ಬೆಳಗ್ಗೆ ಒಮ್ಮೆ, ರಾತ್ರಿ ಹೊಸ ದೀಪದ ಕೆಳಗೆ ಒಮ್ಮೆ ನೋಡಿ ಅಂದರು. ಸರಿಯಾದ ಸಲಹೆ. ಮುಂದಕ್ಕೆ ಹೋಗೋಣ.

ಖರೀದಿ ಪಟ್ಟಿ. ಅಯ್ಯೋ.

ಇಷ್ಟೆಲ್ಲ ತಿಳಿದವರೇ ಈ ಪಟ್ಟಿ ಮಾಡಿದ್ದಾ ಅನ್ನಿಸಿತು. ಒಂದೇ ಸೆಟ್ಟಿನ ಸೋಫಾ, ಅದೇ ಸೆಟ್ಟಿನ ಟೀಪಾಯಿ, ಅದೇ ಸೆಟ್ಟಿನ ಕಪಾಟು. ಕೋಣೆ ಶೋರೂಮ್ ಆಗೋಕೆ ಇನ್ನೇನು ಬೇಕು? ಸಾಂಪ್ರದಾಯಿಕ ಕೋಣೆಯ ಸೊಗಸೇ ಅದು ನಿಧಾನಕ್ಕೆ ಕೂಡಿಕೊಂಡಿದೆ ಅನ್ನಿಸುವುದರಲ್ಲಿ ಇದೆ, ಅಲ್ವಾ? ‘ವಾಲ್‌ನಟ್ ಫಿನಿಶ್’ ಅಂತ ಬರೆದದ್ದನ್ನು ಒತ್ತಿ ನೋಡಿದರೆ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಮೇಲೆ ಮರದ ಚಿತ್ರ ಅಚ್ಚು ಹಾಕಿದ ಕಾಗದ. ವಿನಿಯರ್ ಆಗಿದ್ದರೆ ನನ್ನ ತಕರಾರಿಲ್ಲ, ಅದು ನಿಜವಾದ ಮರದ ತೆಳು ಹಾಳೆ, 18ನೇ ಶತಮಾನದ ಒಳ್ಳೊಳ್ಳೆ ಬಡಗಿಗಳೂ ಬಳಸಿದ್ದಾರೆ. ಅಚ್ಚಿನ ಕಾಗದವನ್ನು ಹಿಡಿಯೋದು ಸುಲಭ: ಒಂದೇ ಗಂಟಿನ ಗುರುತು ಸ್ವಲ್ಪ ದೂರದಲ್ಲಿ ಮತ್ತೆ ಹಾಗೇ ಕಾಣಿಸುತ್ತದೆ.

ಪಟ್ಟಿಯಲ್ಲಿ ‘ಚಿಪ್ಪೆಂಡೇಲ್’ ಕುರ್ಚಿಯೂ ಇತ್ತು. ನಕಲು ಅನ್ನೋದು ತಪ್ಪಲ್ಲ. ಲಂಡನ್ನಿನ ಬಡಗಿ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ತನ್ನ ವಿನ್ಯಾಸಗಳನ್ನು ಅಚ್ಚು ಹಾಕಿಸಿದ, ಅದನ್ನು ನೋಡಿಕೊಂಡು ಬೇರೆ ಬಡಗಿಗಳು ಆಗಲೇ ಮಾಡತೊಡಗಿದ್ದರು. ತಪ್ಪು ಇರೋದು ಜೋಡಣೆಯಲ್ಲಿ. ಬೆನ್ನಿನ ಕೆತ್ತನೆ ಎಷ್ಟೇ ಚಂದ ಇರಲಿ, ಕಾಲನ್ನು ಬರೀ ಸ್ಕ್ರೂ ಹಾಕಿ ಬಿಗಿದಿದ್ದರೆ ಸ್ವಲ್ಪ ದಿನಕ್ಕೆ ಅಲ್ಲಾಡುತ್ತದೆ. ಮರದಲ್ಲಿ ತೂತು ಕೊರೆದು ಇನ್ನೊಂದು ಮರದ ನಾಲಿಗೆ ಕೂರಿಸಿದ ಕೀಲು ಇದೆಯಾ ನೋಡಬೇಕು. ಡ್ರಾಯರ್ ಆದರೆ ಪೂರ್ತಿ ಹೊರಗೆಳೆದು ಮೂಲೆ ನೋಡಿ. ಹಲ್ಲಿಗೆ ಹಲ್ಲು ಕೂತಿದ್ದರೆ ತಗೊಳ್ಳಿ, ಸ್ಟೇಪಲ್ ಪಿನ್ ಕಂಡರೆ ವಾಪಸ್ ತಳ್ಳಿ. ‘ಹಿತ್ತಾಳೆ’ ದೀಪಕ್ಕೆ ಒಂದು ಅಯಸ್ಕಾಂತ ಸಾಕು. ಹಿತ್ತಾಳೆಗೆ ಅದು ಅಂಟುವುದಿಲ್ಲ, ಅಂಟಿದರೆ ಒಳಗೆ ಕಬ್ಬಿಣ.

ಸುಮ್ನೆ ಬಿಡಲಿಲ್ಲ ನಾನು. ಇರುವ ಕುರ್ಚಿಗಳನ್ನು ಇಟ್ಟುಕೊಂಡೇ ಪಟ್ಟಿ ಮಾಡಿಕೊಡಿ, ಸೆಕೆಂಡ್ ಹ್ಯಾಂಡ್ ಸಿಗುವುದಿದ್ದರೆ ಅದನ್ನೂ ಹೇಳಿ ಅಂತ ಬರೆದೆ. ತಿರುಗಿ ಬಂದದ್ದು ಅರ್ಧ ಪುಟ. ಹಳೇ ಕುರ್ಚಿಗಳಿಗೆ ಪಾಲಿಶ್ ಮತ್ತು ಹೊಸ ಬಟ್ಟೆ, ಒಂದು ಉಣ್ಣೆಯ ಕಾರ್ಪೆಟ್, ದೀಪಗಳು, ಪರದೆ. ಅಷ್ಟೇ. ಇದನ್ನು ಮೊದಲೇ ಯಾಕೆ ಕೊಡಲಿಲ್ಲ ಅನ್ನುವುದಕ್ಕೆ ಉತ್ತರ ಅವರ ನಿಯಮಗಳ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ: ಪಟ್ಟಿಯ ಕೊಂಡಿಯಿಂದ ಕೊಂಡರೆ ಅವರಿಗೆ ಕಮಿಷನ್.

ಆ್ಯಪ್ ನಿಧಾನ, ಫೋಟೊ ಹಾಕುವಾಗ ಆಗಾಗ ಸಿಕ್ಕಿಕೊಳ್ಳುತ್ತದೆ. ತ್ರೀಡಿ ಚಿತ್ರದಲ್ಲಿ ಎಲ್ಲವೂ ಮೇಣ ಬಳಿದ ಹಾಗೆ ಮಿರಮಿರ ಮಿಂಚುತ್ತದೆ, ಅದನ್ನು ನಂಬಿ ಬಣ್ಣ ಕೊಳ್ಳಬೇಡಿ. ಹೇಳಿದ ಸಮಯಕ್ಕೆ ಎಲ್ಲ ಕಳಿಸಿದರು, ಅದರಲ್ಲಿ ದೂರಿಲ್ಲ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಅದರಲ್ಲಿ ಹೆಚ್ಚಿನ ಪಾಲು ನಕ್ಷೆ ಮತ್ತು ಬೆಳಕಿನ ಪುಟದ್ದು. ಬರೀ ನಕ್ಷೆ ಕೊಡುವ ಸಣ್ಣ ಪ್ಯಾಕೇಜ್ ಇದ್ದರೆ ಅದನ್ನೇ ತಗೊಳ್ಳಿ. ದೊಡ್ಡದೇ ತಗೊಂಡರೆ ಮೊದಲ ಕರೆಯಲ್ಲೇ ‘ಇರುವ ಸಾಮಾನು ಇಟ್ಟುಕೊಂಡು ಮಾಡಿ’ ಅಂತ ಹೇಳಿಬಿಡಿ. ಎರಡನೇ ಪಟ್ಟಿಗೆ ನನ್ನಿಂದ ಬೇರೆ ದುಡ್ಡು ಕೇಳಲಿಲ್ಲ, ಆದರೆ ನಾವಾಗೇ ಕೇಳದಿದ್ದರೆ ಅದು ಬರುವುದೂ ಇಲ್ಲ.