ಎಲೆಕ್ಟ್ರಿಕ್ ಗಾಡಿಯಲ್ಲಿ ಬನ್ನು, ಬ್ರೆಡ್ಡು: ಚಿಕ್ಕಮಗಳೂರಿನಲ್ಲಿ 52 ಸಾವಿರ ಕಿ.ಮೀ. ಓಡಿಸಿದ ಮೇಲೆ

ಬೆಳಗಿನ ಜಾವ ನಾಲ್ಕೂಕಾಲಿಗೆ ನಮ್ಮ ಬೇಕರಿಯ ಲೈನ್ ಗಾಡಿ ಹೊರಡುತ್ತದೆ. ಬಸವನಹಳ್ಳಿ, ಎಂ.ಜಿ. ರೋಡ್, ಕೋಟೆ, ಹಿರೇಮಗಳೂರು ಕಡೆಯ ಅಂಗಡಿಗಳಿಗೆ ಬನ್ನು, ಬ್ರೆಡ್ಡು ಹಾಕಿ ಆರೂವರೆಗೆ ವಾಪಸ್. ಮತ್ತೆ ಲೋಡ್ ಮಾಡಿಕೊಂಡು ವಸ್ತಾರೆ, ಆಲ್ದೂರು ಕಡೆಗೆ. ಶನಿವಾರ, ಭಾನುವಾರ ಗಿರಿ ನೋಡಲು ಜನ ಬರುತ್ತಾರಲ್ಲ, ಅವತ್ತು ಕೈಮರ, ಅತ್ತಿಗುಂಡಿ ಕಡೆಗೂ ಒಂದು ಟ್ರಿಪ್. ಈ ಕೆಲಸವನ್ನು ಹದಿನಾಲ್ಕು ವರ್ಷ ಡೀಸೆಲ್ ಗಾಡಿಯಲ್ಲಿ ಮಾಡಿದ್ದೇನೆ. ಈಗ ಎರಡು ವರ್ಷ ಮೂರು ತಿಂಗಳಿಂದ ಎಲೆಕ್ಟ್ರಿಕ್. ಮೀಟರ್ 52 ಸಾವಿರ ಕಿ.ಮೀ. ದಾಟಿದೆ.

ಕಂಪನಿ ಹೆಸರು ಬರೆಯುತ್ತಿಲ್ಲ. ಒಂದು ಕಂಪನಿಯನ್ನು ಹೊಗಳೋದು, ತೆಗಳೋದು ನನ್ನ ಉದ್ದೇಶ ಅಲ್ಲ. ನನ್ನದು ನಾಲ್ಕು ಚಕ್ರದ ಸಣ್ಣ ಗಾಡಿ, ಹಿಂದೆ ಮುಚ್ಚಿದ ಬಾಡಿ. ಬ್ಯಾಟರಿ ಸುಮಾರು 21 ಯೂನಿಟ್ ಹಿಡಿಯುತ್ತದೆ. ಆರು ಕ್ವಿಂಟಾಲ್ ಲೋಡ್ ಹಾಕಬಹುದು. ನಮಗೆ ಅಷ್ಟು ತೂಕ ಬರೋದೇ ಇಲ್ಲ. ಬ್ರೆಡ್ಡು ಜಾಗ ತಿನ್ನುತ್ತದೆ, ತೂಕ ಇರಲ್ಲ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ನನಗೆ ಈ ಗಾಡಿ ಒಗ್ಗಿದ್ದಕ್ಕೆ ಅರ್ಧ ಕಾರಣ ಅದೇ.

ಮೈಲೇಜು, ದುಡ್ಡು ಆಮೇಲೆ. ಮೊದಲು ಸದ್ದಿನ ವಿಷಯ. ನನಗೆ ಅದೇ ಎಲ್ಲಕ್ಕಿಂತ ಮುಖ್ಯ.

ನಮ್ಮ ಭಟ್ಟಿ ಇರೋದು ಮನೆಗಳ ಸಾಲಿನಲ್ಲಿ. ಡೀಸೆಲ್ ಗಾಡಿ ಇದ್ದಾಗ ಡಿಸೆಂಬರ್, ಜನವರಿ ಚಳಿಯಲ್ಲಿ ಹತ್ತು ನಿಮಿಷ ಇಂಜಿನ್ ಓಡಿಸಿಟ್ಟು ಆಮೇಲೆ ಹೊರಡುತ್ತಿದ್ದೆವು. ಎದುರು ಮನೆಯ ಮೇಷ್ಟ್ರು ಎರಡು ಸಲ ಬಂದು, "ಮಗಳ ಪರೀಕ್ಷೆ ಇದೆ, ಸ್ವಲ್ಪ ಮುಂದೆ ತಗೊಂಡ್ ಹೋಗಿ ಸ್ಟಾರ್ಟ್ ಮಾಡ್ರಪ್ಪ" ಅಂತ ಕೇಳಿಕೊಂಡಿದ್ದರು. ಜೋರು ಮಾಡಲಿಲ್ಲ, ಕೇಳಿಕೊಂಡರು. ಅದು ನನಗೆ ಇನ್ನೂ ನೋವು ಕೊಡುತ್ತದೆ. ನಮ್ಮ ದೇಶದ ಶಬ್ದಮಾಲಿನ್ಯ ನಿಯಮ 2000ರಲ್ಲೇ ಬಂದಿದೆ. ಮನೆಗಳಿರುವ ಜಾಗದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬಲ್ ಮೀರಬಾರದು ಅನ್ನುತ್ತದೆ ಅದು. ಮಾತಾಡುವ ದನಿಯೇ ಅದಕ್ಕಿಂತ ಜಾಸ್ತಿ. ಡೀಸೆಲ್ ಇಂಜಿನ್ ಎಲ್ಲಿ, ಆ ಲೆಕ್ಕ ಎಲ್ಲಿ.

ಎಲೆಕ್ಟ್ರಿಕ್ ಗಾಡಿ ಬಂದ ಮೊದಲನೇ ದಿನ ಒಂದು ವಿಚಿತ್ರ ಆಯಿತು. ಇಂಜಿನ್ ಸದ್ದು ಹೋಗಿದ್ದೇ ತಡ, ಬೇರೆ ಸದ್ದುಗಳೆಲ್ಲ ಎದ್ದು ಕೂತವು. ಟ್ರೇ ಎಳೆದರೆ ತಗಡಿನ ಮೇಲೆ ಕರ್ರ್ ಅನ್ನುತ್ತದೆ. ಹಿಂದಿನ ಬಾಗಿಲಿನ ಚಿಲಕ ಟಣ್ ಅನ್ನುತ್ತದೆ. ರೋಲಿಂಗ್ ಶಟರ್ ಅಂತೂ ಇಡೀ ಬೀದಿಗೆ ಕೇಳುತ್ತದೆ. ಹದಿನಾಲ್ಕು ವರ್ಷ ಇವೆಲ್ಲ ಇದ್ದವು, ಡೀಸೆಲ್ ಸದ್ದಿನಲ್ಲಿ ನಮಗೇ ಕೇಳುತ್ತಿರಲಿಲ್ಲ. ಒಂದು ವಾರದಲ್ಲಿ ಗಾಡಿಯ ನೆಲಕ್ಕೆ ರಬ್ಬರ್ ಮ್ಯಾಟ್ ಹಾಸಿದೆ. ಚಿಲಕಕ್ಕೆ ಹಳೇ ಸೈಕಲ್ ಟ್ಯೂಬ್ ಸುತ್ತಿದೆವು. ಶಟರಿಗೆ ಗ್ರೀಸ್ ಹಾಕಿಸಿದೆ. ಈಗ ನಾಲ್ಕು ಗಂಟೆಗೆ ನಮ್ಮ ಬಾಗಿಲಲ್ಲಿ ನಿಂತರೆ ಕೇಳೋದು ಟೈರಿನ ಕೆಳಗೆ ಜಲ್ಲಿ ಅಲುಗುವ ಸದ್ದು ಮಾತ್ರ. ಪಕ್ಕದ ಮನೆ ಅಜ್ಜಿ ಒಂದು ದಿನ ಬೆಳಗ್ಗೆ ಹಾಲು ತಗೊಳ್ಳೋಕೆ ಹೊರಗೆ ಬಂದವರು, "ಏನ್ ಮಗಾ, ಇವತ್ತು ಲೈನಿಗೆ ಹೋಗ್ಲಿಲ್ವಾ?" ಅಂತ ಕೇಳಿದರು. ಅಷ್ಟರಲ್ಲಿ ಗಾಡಿ ಹೋಗಿ ಒಂದೂವರೆ ಗಂಟೆ ಆಗಿತ್ತು.

ಇದು ಬರೀ ಅಕ್ಕಪಕ್ಕದವರ ನೆಮ್ಮದಿಯ ಮಾತಲ್ಲ, ವ್ಯಾಪಾರದ ಮಾತೂ ಹೌದು. ಸದ್ದಿಗೆ ಹೆದರಿ ನಾವು ಮೊದಲು ಐದು ಗಂಟೆಗೆ ಮುಂಚೆ ಗಾಡಿ ತೆಗೆಯುತ್ತಿರಲಿಲ್ಲ. ಈಗ ಮುಕ್ಕಾಲು ಗಂಟೆ ಮೊದಲೇ ಹೊರಡುತ್ತೇವೆ. ಬಸ್ ಸ್ಟ್ಯಾಂಡ್ ಹತ್ತಿರದ ಟೀ ಅಂಗಡಿಗಳಿಗೆ ಮೊದಲ ಬಸ್ಸಿನವರು ಬರುವ ಹೊತ್ತಿಗೆ ಬನ್ನು ಸಿಗುತ್ತದೆ. ಬ್ರಿಟನ್ನಿನಲ್ಲಿ ಕಳೆದ ಶತಮಾನದಲ್ಲೇ ಮನೆಮನೆಗೆ ಹಾಲು ಹಾಕೋಕೆ ಬ್ಯಾಟರಿ ಗಾಡಿಗಳಿದ್ದವು. ನಿಧಾನವಾಗಿ ಹೋಗುವ ಗಾಡಿಗಳು, ಆದರೆ ನಸುಕಿನಲ್ಲಿ ಯಾರ ನಿದ್ದೆಯೂ ಕೆಡುತ್ತಿರಲಿಲ್ಲ. ಬಾಗಿಲು ಬಾಗಿಲಿಗೆ ನಿಂತು ಹೊರಡುವ ಕೆಲಸಕ್ಕೂ ಮೋಟಾರೇ ಸರಿ. ನಿಂತಾಗ ಅದು ಏನೂ ತಿನ್ನಲ್ಲ. ನಮ್ಮದೂ ಅದೇ ಕೆಲಸ ಅಲ್ವಾ?

ಹೊಗೆಯ ವಿಷಯವೂ ಇದೆ. ಲೋಡ್ ಮಾಡುವಾಗ ಗಾಡಿಯನ್ನು ರಿವರ್ಸ್ ತಂದು ಬಾಗಿಲಿಗೆ ಹಚ್ಚುತ್ತೇವೆ. ಅಂದರೆ ಸೈಲೆನ್ಸರ್ ನೇರವಾಗಿ ಬನ್ನು ಆರಲು ಇಟ್ಟ ಜಾಗಕ್ಕೆ ಮುಖ ಮಾಡಿರುತ್ತಿತ್ತು. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲೇ ಹೇಳಿದೆ. ಅಂಥದ್ದನ್ನು ತಿಂಡಿ ಮಾಡುವ ಜಾಗಕ್ಕೆ ಬಿಟ್ಟುಕೊಂಡಿದ್ದೆವಲ್ಲ ಅಂತ ಈಗ ಸಂಕಟ ಆಗುತ್ತದೆ.

ಸದ್ದಿಲ್ಲದೆ ಇರೋದರಲ್ಲಿ ಅಪಾಯವೂ ಇದೆ. ಗಾಡಿ ತಗೊಂಡ ಮೂರನೇ ತಿಂಗಳು. ನಮ್ಮ ಡ್ರೈವರ್ ಹುಡುಗ ಬ್ರೇಕ್ ಬಿಟ್ಟು ಗಾಡಿ ಒಂದಡಿ ಮುಂದೆ ತಂದಿದ್ದಾನೆ, ಕೆಳಗಿಂದ ನಾಯಿಮರಿ ಕಿರುಚಿತು. ಬಾಲದ ತುದಿ ಮಾತ್ರ ಸಿಕ್ಕಿತ್ತು, ಬದುಕಿಕೊಂಡಿತು. ಡೀಸೆಲ್ ಗಾಡಿ ಸ್ಟಾರ್ಟ್ ಮಾಡಿದರೆ ಕೆಳಗೆ ಮಲಗಿದ ನಾಯಿ ತಾನೇ ಎದ್ದು ಹೋಗುತ್ತಿತ್ತು. ಇದು ಹೊರಟಿದ್ದೇ ಅದಕ್ಕೆ ಗೊತ್ತಾಗಲಿಲ್ಲ. ಅವತ್ತಿಂದ ಟಾರ್ಚ್ ಹಾಕಿ ಬಗ್ಗಿ ನೋಡದೆ ಗಾಡಿ ತೆಗೆಯುವ ಹಾಗಿಲ್ಲ. ಹಿರೇಮಗಳೂರು ಕಡೆ ರಸ್ತೆಯಲ್ಲಿ ದನ ಮಲಗಿರುತ್ತವೆ, ವಾಕಿಂಗ್ ಹೋಗುವ ಹಿರಿಯರು ಇರುತ್ತಾರೆ. ಹಿಂದಿನಿಂದ ಹತ್ತಿರ ಹೋದರೂ ತಿರುಗಿ ನೋಡಲ್ಲ. ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ಎಲೆಕ್ಟ್ರಿಕ್ ಗಾಡಿಗಳು ಗಂಟೆಗೆ 20 ಕಿ.ಮೀ.ವರೆಗಿನ ವೇಗದಲ್ಲಿ ಒಂದು ಮೆಲ್ಲನೆಯ ಸದ್ದು ಮಾಡಲೇಬೇಕು ಅಂತ ನಿಯಮ ಇದೆ. ಅದಕ್ಕಿಂತ ಜೋರಾಗಿ ಹೋದರೆ ಟೈರಿನ ಸದ್ದೇ ಸಾಕು. ನನ್ನ ಗಾಡಿಯಲ್ಲಿ ಅಂಥದ್ದಿಲ್ಲ. ಇದ್ದಿದ್ದರೆ ಸಂತೋಷದಿಂದ ಹಾಕಿಕೊಳ್ಳುತ್ತಿದ್ದೆ.

ಇನ್ನು ಘಟ್ಟದ ಮಾತು. "ಗಿರಿ ಹತ್ತುತ್ತಾ?" ಅಂತ ಎಲ್ಲರೂ ಕೇಳುತ್ತಾರೆ. ಹತ್ತುತ್ತದೆ. ಡೀಸೆಲ್ ಗಾಡಿಗಿಂತ ಚೆನ್ನಾಗಿಯೇ ಹತ್ತುತ್ತದೆ. ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಎಳೆತ ಇರುತ್ತದೆ, ಕ್ಲಚ್ ಒತ್ತಿ ಗೇರು ಹುಡುಕುವ ಕೆಲಸ ಇಲ್ಲ. ಏರಿನ ತಿರುವಿನಲ್ಲಿ ಎದುರಿಗೆ ಬಸ್ ಬಂದು ನಿಲ್ಲಿಸಬೇಕಾದರೂ ಹಿಂದೆ ಜಾರುತ್ತದೆ ಅನ್ನುವ ಭಯ ಇಲ್ಲ. ಮೊದಲು ವರ್ಷಕ್ಕೊಂದು ಕ್ಲಚ್ ಪ್ಲೇಟ್ ಹೋಗುತ್ತಿತ್ತು.

ಪ್ರಶ್ನೆ ಇರೋದು ಹತ್ತುತ್ತಾ ಅನ್ನೋದರಲ್ಲಲ್ಲ, ಎಷ್ಟು ತಿನ್ನುತ್ತದೆ ಅನ್ನೋದರಲ್ಲಿ. ಲೆಕ್ಕ ಸುಲಭ. ಒಂದೂವರೆ ಟನ್ ತೂಕವನ್ನು 100 ಮೀಟರ್ ಎತ್ತರಕ್ಕೆ ಏರಿಸಲು ಸುಮಾರು 0.4 ಯೂನಿಟ್ ಬೇಕು. 500 ಮೀಟರ್ ಏರಿದರೆ 2 ಯೂನಿಟ್. ರಸ್ತೆಯ ಖರ್ಚು ಅದರ ಮೇಲೆ. ಅತ್ತಿಗುಂಡಿ ಕಡೆ ಲೋಡ್ ಹೊತ್ತು ಹತ್ತುವಾಗ ನನಗೆ ಬ್ಯಾಟರಿಯ ಸುಮಾರು 30 ಪರ್ಸೆಂಟ್ ಖರ್ಚಾಗುತ್ತದೆ. ವಾಪಸ್ ಬರುವಾಗ 8 ಪರ್ಸೆಂಟ್ ಅಷ್ಟೇ. ಇಳಿಜಾರಿನಲ್ಲಿ ಕಾಲು ತೆಗೆದರೆ ಮೋಟಾರೇ ಗಾಡಿಯನ್ನು ಹಿಡಿದು ಬ್ಯಾಟರಿಗೆ ಚಾರ್ಜ್ ವಾಪಸ್ ಕೊಡುತ್ತದೆ. ಮೇಲಿಂದ ಕೈಮರ ಮುಟ್ಟುವಷ್ಟರಲ್ಲಿ ಪರ್ಸೆಂಟ್ ಏರಿದ್ದನ್ನು ಮೊದಲ ಸಲ ನೋಡಿದಾಗ ಡ್ರೈವರ್ ಹುಡುಗ ಗಾಡಿ ಪಕ್ಕಕ್ಕೆ ಹಾಕಿ ನನಗೆ ಫೋನ್ ಮಾಡಿದ್ದ.

ಒಂದು ಎಚ್ಚರ. ಬ್ಯಾಟರಿ ಪೂರ್ತಿ ತುಂಬಿದ್ದರೆ ಈ ಹಿಡಿತ ಸಿಗಲ್ಲ, ಚಾರ್ಜ್ ತುಂಬಿಸೋಕೆ ಜಾಗವೇ ಇರುವುದಿಲ್ಲ. ನಾವು ಕೆಳಗೆ ಚಾರ್ಜ್ ಮಾಡಿ ಮೇಲೆ ಹೋಗುವವರು, ತೊಂದರೆ ಇಲ್ಲ. ಗಿರಿಯ ಮೇಲೆ ಹೋಂಸ್ಟೇ ಇಟ್ಟುಕೊಂಡವರು 100 ಪರ್ಸೆಂಟ್ ತುಂಬಿಸಿ ಇಳಿಯೋಕೆ ಶುರು ಮಾಡಿದರೆ ಮೊದಲ ಕೆಲವು ಕಿ.ಮೀ. ಬ್ರೇಕನ್ನೇ ನಂಬಬೇಕು. ಅವರು 85, 90ಕ್ಕೆ ನಿಲ್ಲಿಸೋದು ಒಳ್ಳೆಯದು. ಇನ್ನೊಂದು, ಮೋಟಾರೇ ಹಿಡಿಯೋದರಿಂದ ಬ್ರೇಕ್ ಕಡಿಮೆ ಬಳಕೆಯಾಗಿ ನಮ್ಮ ಮಳೆಗೆ ಡಿಸ್ಕ್ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ದಿನಾ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಬೇಕು.

ಒಂದು ಸಲ ಪೂರ್ತಿ ಚಾರ್ಜ್ ಮಾಡಿದರೆ ಎಷ್ಟು ಓಡುತ್ತದೆ? ಕಂಪನಿ ಹೇಳಿದ್ದು 150ಕ್ಕೂ ಜಾಸ್ತಿ ಕಿ.ಮೀ. ನನಗೆ ಸಿಕ್ಕಿದ್ದು 110. ಜುಲೈನಲ್ಲಿ ವೈಪರ್, ಲೈಟು, ಒದ್ದೆ ರಸ್ತೆ ಸೇರಿ 95. ಎರಡು ವರ್ಷದಲ್ಲಿ ಐದಾರು ಕಿ.ಮೀ. ಕಡಿಮೆಯಾಗಿದೆ, ಅದು ನನಗೆ ಚಿಂತೆಯಲ್ಲ. ವಾರದ ದಿನ ಆರಾಮಾಗಿ ಸಾಕು. ಶನಿವಾರ, ಭಾನುವಾರ ಟ್ರಿಪ್‌ಗಳ ಮಧ್ಯೆ ಎರಡು ಗಂಟೆ ಚಾರ್ಜಿಗೆ ಹಾಕಲೇಬೇಕು.

ನನ್ನ ನಿಜವಾದ ತಲೆನೋವು ಮಳೆಗಾಲದ ಕರೆಂಟು. 16 ಆಂಪಿಯರ್ ಪ್ಲಗ್ಗಿನಲ್ಲಿ ಖಾಲಿ ಬ್ಯಾಟರಿ ತುಂಬಲು ಏಳು ಗಂಟೆ ಬೇಕು. ಹೋದ ವರ್ಷ ಜುಲೈನಲ್ಲಿ ಗಾಳಿಮಳೆಗೆ ಎಲ್ಲೋ ಮರ ಬಿದ್ದು ರಾತ್ರಿ ಒಂಬತ್ತಕ್ಕೆ ಕರೆಂಟ್ ಹೋಯಿತು. ಬಂದಿದ್ದು ಬೆಳಗಿನ ಜಾವ ಮೂರೂವರೆಗೆ. ಬ್ಯಾಟರಿಯಲ್ಲಿ 40 ಪರ್ಸೆಂಟ್. ಊರಿನ ಲೈನ್ ಮುಗಿಸಿದೆವು. ಆಲ್ದೂರಿನ ಟ್ರೇಗಳನ್ನು ಪ್ಲಾಸ್ಟಿಕ್ ಸುತ್ತಿ ಬಸ್ಸಿಗೆ ಹಾಕಿ, ಕಂಡಕ್ಟರ್ ಕೈಗೆ ದುಡ್ಡು ಕೊಟ್ಟು ಕಳಿಸಿದೆವು. ಎರಡು ಟ್ರೇ ಬನ್ನು ನೆಂದು ಹೋಯಿತು. ಆಮೇಲಿಂದ ಜೂನ್ ಬಂತೆಂದರೆ ರಾತ್ರಿಗೆ ಕಾಯುವುದಿಲ್ಲ. ಗಾಡಿ ವಾಪಸ್ ಬಂದ ತಕ್ಷಣ, ಹನ್ನೊಂದು ಗಂಟೆಗೇ ಪ್ಲಗ್ ಹಾಕುತ್ತೇವೆ. ಮತ್ತೆ ಆ ಥರ ಆಗಿಲ್ಲ. ಅಂದಹಾಗೆ, ಗಾಡಿ ತಗೊಳ್ಳುವ ಮೊದಲು ಅರ್ಥಿಂಗ್ ಚೆಕ್ ಮಾಡಿಸಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಶುರುವೇ ಆಗಲ್ಲ. ಹಳೇ ಮನೆಗಳಲ್ಲಿ ಇದು ಮಾಮೂಲಿ ತೊಂದರೆ.

ಕೆಟ್ಟು ನಿಂತಿದ್ದು ಒಂದೇ ಸಲ. ಅದೂ ದೊಡ್ಡ ಬ್ಯಾಟರಿಯಿಂದಲ್ಲ. ಲೈಟು, ಕಂಪ್ಯೂಟರಿಗೆ ಅಂತ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇರುತ್ತದಲ್ಲ, ಅದು ಸತ್ತಿತ್ತು. ದೊಡ್ಡದು 90 ಪರ್ಸೆಂಟ್ ಇದ್ದರೂ ಗಾಡಿ ಏಳಲಿಲ್ಲ. ಸರ್ವಿಸ್‌ನವರಿಗೆ ಫೋನ್ ಮಾಡಿದರೆ, ಈ ಗಾಡಿ ಬಲ್ಲ ಮೆಕ್ಯಾನಿಕ್ ಬೇರೆ ಊರಿಂದ ಬರಬೇಕು ಅಂದರು. ಎರಡು ದಿನ ಬಾಡಿಗೆ ಗಾಡಿಯಲ್ಲಿ ಲೈನ್ ಮಾಡಿದೆವು. ಡೀಸೆಲ್ ಗಾಡಿಯಾಗಿದ್ದರೆ ಬೀದಿ ಕೊನೆಯ ಗ್ಯಾರೇಜಿನವನೇ ಅರ್ಧ ಗಂಟೆಯಲ್ಲಿ ಎಬ್ಬಿಸುತ್ತಿದ್ದ. ಈ ವಿಷಯದಲ್ಲಿ ನಮ್ಮಂಥ ಊರಿನವರು ಇನ್ನೂ ಕಷ್ಟಪಡುತ್ತಿದ್ದೇವೆ.

ದುಡ್ಡಿನ ಲೆಕ್ಕ ಹೀಗಿದೆ. ತಿಂಗಳಿಗೆ ಸುಮಾರು 1,950 ಕಿ.ಮೀ. ಹಳೇ ಗಾಡಿ ಲೀಟರಿಗೆ 16 ಕೊಡುತ್ತಿತ್ತು. ಡೀಸೆಲ್ 90 ರೂಪಾಯಿ ಅಂತ ಹಿಡಿದರೂ ತಿಂಗಳಿಗೆ 11 ಸಾವಿರ. ಈಗ ಗೋಡೆಯ ಮೀಟರಿನಲ್ಲಿ ತಿಂಗಳಿಗೆ 430 ಯೂನಿಟ್ ಓಡುತ್ತದೆ. ನನಗೆ ಎಲ್ಲ ಸೇರಿ ಯೂನಿಟ್ಟಿಗೆ 8 ರೂಪಾಯಿ ಬೀಳುತ್ತದೆ, ಅಂದರೆ ಸುಮಾರು 3,450. ಉಳಿತಾಯ ಏಳೂವರೆ ಸಾವಿರ. ಇಂಜಿನ್ ಆಯಿಲ್, ಫಿಲ್ಟರ್, ಕ್ಲಚ್ ಖರ್ಚಿಲ್ಲ. ಪರ್ಮಿಟ್ ಗೋಜೂ ಇಲ್ಲ. ಬ್ಯಾಟರಿ ಸರಕು ಗಾಡಿಗಳಿಗೆ 2018ರಿಂದ ಪರ್ಮಿಟ್ ಬೇಡ.

ಆದರೆ ಗಾಡಿಗೆ ನಾನು ನಾಲ್ಕು ಲಕ್ಷ ಜಾಸ್ತಿ ಕೊಟ್ಟಿದ್ದೇನೆ. ಇಲ್ಲಿಯವರೆಗೆ ವಾಪಸ್ ಬಂದಿದ್ದು ಎರಡು ಲಕ್ಷ. ಅರ್ಧ ಅಷ್ಟೇ. ಇನ್ನೂ ಎರಡು ವರ್ಷ ಓಡಬೇಕು. ಈಗ ಕೊಳ್ಳುವವರು ಇನ್ನೊಂದು ವಿಷಯ ನೋಡಬೇಕು. ನಾನು ಕೊಂಡಾಗ ಡೀಸೆಲ್ ಗಾಡಿಗೆ ಜಿಎಸ್‌ಟಿ 28 ಪರ್ಸೆಂಟ್ ಇತ್ತು, ಎಲೆಕ್ಟ್ರಿಕ್‌ಗೆ 5. 2025ರ ಸೆಪ್ಟೆಂಬರ್ 22ರಿಂದ ಡೀಸೆಲ್‌ದು 18ಕ್ಕೆ ಇಳಿದಿದೆ. ಹಾಗಾಗಿ ನಿಮಗೆ ಬೆಲೆಯ ಅಂತರ ನನಗಿಂತ ಜಾಸ್ತಿ ಆಗಬಹುದು, ದುಡ್ಡು ವಾಪಸ್ ಬರೋಕೆ ಇನ್ನೂ ಸ್ವಲ್ಪ ದಿನ ಹಿಡಿಯಬಹುದು. ದಿನಕ್ಕೆ 30, 40 ಕಿ.ಮೀ. ಮಾತ್ರ ಓಡಿಸುವವರಿಗೆ ಈ ಲೆಕ್ಕ ಕೂಡಲ್ಲ. ಜಾಸ್ತಿ ಓಡಿದಷ್ಟೂ ಲಾಭ, ಆದರೆ 100ರ ಒಳಗೆ.

ನನ್ನ ಸ್ನೇಹಿತರೊಬ್ಬರು ಕಾಫಿ ಮೂಟೆ ಹೊಡೆಯುತ್ತಾರೆ. ಒಂದು ಮೂಟೆ 50 ಕೆ.ಜಿ., ಹನ್ನೆರಡು ಮೂಟೆ ಹಾಕಿದರೆ ನನ್ನ ಗಾಡಿಯ ಲೋಡ್ ಮುಗಿಯಿತು. ಸೀಸನ್‌ನಲ್ಲಿ ಅವರು ಇವತ್ತು ಬಾಳೆಹೊನ್ನೂರು, ನಾಳೆ ಹಾಸನ. ಎಲ್ಲಿಗೆ ಕರೆ ಬರುತ್ತೋ ಅಲ್ಲಿಗೆ. ನನ್ನನ್ನು ಕೇಳಿದರು, ಬೇಡ ಅಂದೆ. ದಿನಾ ಒಂದೇ ದಾರಿ, ರಾತ್ರಿ ಮನೆಗೇ ಬರುವ ಗಾಡಿ, ಹಗುರ ಲೋಡ್, ಪದೇ ಪದೇ ನಿಲ್ಲುವ ಕೆಲಸ: ಹಾಲು, ಪೇಪರ್, ಬೇಕರಿ, ಕೊರಿಯರ್, ತರಕಾರಿ. ಇವರಿಗೆ ಧೈರ್ಯವಾಗಿ ತಗೊಳ್ಳಿ ಅನ್ನುತ್ತೇನೆ. ತಗೊಳ್ಳುವ ಮೊದಲು ಒಂದು ತಿಂಗಳು ನಿಮ್ಮ ಗಾಡಿ ದಿನಾ ಎಷ್ಟು ಓಡುತ್ತದೆ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸರಾಸರಿ ನೋಡಬೇಡಿ, ಅತಿ ಜಾಸ್ತಿ ಓಡಿದ ದಿನ ನೋಡಿ.

ಡ್ರೈವರ್ ಹುಡುಗನನ್ನು ಹೋದ ವಾರ ಕೇಳಿದೆ, ಮತ್ತೆ ಡೀಸೆಲ್ ಗಾಡಿ ಕೊಟ್ಟರೆ ಓಡಿಸ್ತೀಯಾ ಅಂತ. "ಬೇಡ ಅಣ್ಣ. ಮೊದಲು ಮನೆಗೆ ಹೋಗಿ ಮಲಗಿದ್ರೂ ಕಿವಿಯಲ್ಲಿ ಗುಂಯ್ ಅಂತಿತ್ತು, ಕೈ ನಡುಗ್ತಾ ಇರ್ತಿತ್ತು. ಈಗ ಇಲ್ಲ" ಅಂದ. ಹಳೇ ಡೀಸೆಲ್ ಗಾಡಿಯನ್ನು ನಾನು ಮಾರಿಲ್ಲ. ಹದಿನೈದು ದಿನಕ್ಕೊಮ್ಮೆ ಹಾಸನದಿಂದ ಮೈದಾ ಮೂಟೆ ತರಬೇಕು, ಹೋಗಿ ಬರೋಕೆ 120 ಕಿ.ಮೀ. ಆಗುತ್ತದೆ. ಅದಕ್ಕೆ ಅದೇ ಸರಿ. ಅದನ್ನು ಈಗ ಬೀದಿಯೊಳಗೆ ತರುವುದಿಲ್ಲ, ಮೇನ್ ರೋಡಿನ ಹತ್ತಿರ ನಿಲ್ಲಿಸುತ್ತೇವೆ. ಮೈದಾ ಮೂಟೆಗಳು ಅಲ್ಲಿಂದ ಎಲೆಕ್ಟ್ರಿಕ್ ಗಾಡಿಯಲ್ಲೇ ಭಟ್ಟಿಗೆ ಬರುತ್ತವೆ.