ಡ್ಯಾಂಪರ್ ಮಾರಲ್ಲ ಅಂದ ಗ್ಯಾರೇಜು: ಲಿಫ್ಟ್ ಮಾಡಿದ ಜಿಪ್ಸಿ ಸ್ಟೇರಿಂಗ್ ನಡುಕಕ್ಕೆ ದಾವಣಗೆರೆಲಿ ಸಿಕ್ಕ ರಿಪೇರಿ

ಮೊದ್ಲೇ ಹೇಳ್ಬಿಡ್ತೀನಿ, ಎಸಿ ರೂಮಲ್ಲಿ ಕೂತು ಕಾಫಿ ಕುಡೀತಾ ಗಾಜಿನ ಆಚೆ ಗಾಡಿ ನೋಡ್ಬೇಕು, ಮೊಬೈಲಿಗೆ ಬಿಲ್ ಬರ್ಬೇಕು ಅನ್ನೋರಿಗೆ ಈ ಜಾಗ ಆಗಿ ಬರಲ್ಲ. ಪಿ.ಬಿ. ರೋಡಲ್ಲಿ ಹರಿಹರದ ಕಡೆ ಹೋಗ್ತಾ ಒಳಗೆ ತಿರುಗಿದ್ರೆ ಸಿಗೋ ತಗಡಿನ ಶೆಡ್ಡು, ಬೋರ್ಡು ಅಂತ ಇಲ್ವೇ ಇಲ್ಲ, ಹೊರಗೆ ಟ್ರ್ಯಾಕ್ಟರ್, ಹಳೇ ಮೇಜರ್ ಜೀಪು, ಎಂಜಿನ್ ಇಳಿಸಿಟ್ಟಿರೋ ಗೂಡ್ಸ್ ಗಾಡಿ ನಿಂತಿರ್ತಾವೆ. ಆದ್ರೆ ಗಾಡಿ ಎತ್ತರ ಮಾಡಿಸ್ಕೊಂಡು ಆಮೇಲೆ ಸ್ಟೇರಿಂಗ್ ಗಡಗಡ ಅಂತ ಅಲ್ಲಾಡೋದಕ್ಕೆ ಊರೆಲ್ಲ ಸುತ್ತಿ ಸಾಕಾಗಿರೋರು ಒಂದ್ಸಲ ಇಲ್ಲಿ ತೋರಿಸ್ಲೇಬೇಕು. ಇಲ್ಲಿರೋ ಮಿಸ್ತ್ರಿ ಮೊದ್ಲು ನೋಡ್ತಾರೆ, ನೋಡಿದ್ದಕ್ಕೆ ಮುನ್ನೂರು ರುಪಾಯಿ ತಗೊಳ್ತಾರೆ, ಪಾರ್ಟಿನ ಮಾತು ಆಮೇಲೆ. ಆ ಮುನ್ನೂರು ರುಪಾಯಿ ಬಗ್ಗೆನೇ ಈ ರಿವ್ಯೂ ಅಂದ್ಕೊಳ್ಳಿ.

ನಂದು ಜಿಪ್ಸಿ ಕಿಂಗ್, 1.3 ಎಂಜಿನ್ನು, ಕೆಎ 17 ಪಾಸಿಂಗ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು. ಚನ್ನಗಿರಿ ಕಡೆ ತೋಟಕ್ಕೆ ಮಳೆಗಾಲದಲ್ಲಿ ಬೇರೆ ಯಾವ ಗಾಡಿನೂ ಹೋಗಲ್ಲ, ಅದಕ್ಕೇ ಇದು. ಹಿಂದಿನ ಓನರ್ ಉದ್ದ ಶ್ಯಾಕಲ್ (ಬ್ಲೇಡ್ ಸ್ಪ್ರಿಂಗಿನ ತುದಿನ ಚಾಸಿಗೆ ಜೋಡಿಸೋ ಪಟ್ಟಿ) ಹಾಕಿ ಎರಡಿಂಚು ಹತ್ರಹತ್ರ ಎತ್ತಿಸಿ 235/75 ಆರ್15 ಮಡ್ ಟೈರ್ ಏರಿಸಿದ್ರು. ಕಂಪನಿಯಿಂದ ಬರ್ತಿದ್ದಿದ್ದು 205/70 ಆರ್15, ಅಂದ್ರೆ ಟೈರ್ ಎತ್ತರ 67 ಸೆಂಟಿಮೀಟರ್ ಹತ್ರ ಇದ್ದಿದ್ದು 73 ದಾಟಿತು, ತೂಕನೂ ಹಂಗೇ ಏರಿತು. ನೋಡೋಕೆ ಚೆಂದ, ಇಲ್ಲ ಅನ್ನಲ್ಲ. (ಕಾನೂನು ಪ್ರಕಾರ ಇದೆಲ್ಲ ಮಾಡಂಗಿಲ್ಲ, ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟೂ ಕಂಪನಿ ಸ್ಪೆಸಿಫಿಕೇಶನ್ ಬದಲಾಯಿಸಂಗಿಲ್ಲ ಅಂದಿದೆ, ಹೊಸದಾಗಿ ಮಾಡಿಸೋರು ಇನ್ಶೂರೆನ್ಸ್ ವಿಷ್ಯನೂ ಯೋಚ್ನೆ ಮಾಡಿ.)

ಪ್ರಾಬ್ಲಂ ಏನಂದ್ರೆ, ಊರೊಳಗೆ ನಲವತ್ತರಲ್ಲಿ ಓಡಿಸಿದ್ರೆ ಏನೂ ಇಲ್ಲ. ಹೈವೇಲಿ ಅರವತ್ತು ಎಪ್ಪತ್ತು ಬಂದಾಗ ಸೇತುವೆ ಜಾಯಿಂಟೋ ಚಿಕ್ಕ ಗುಂಡಿನೋ ಒಂದು ಚಕ್ರಕ್ಕೆ ಸಿಕ್ತು ಅಂದ್ರೆ ಮುಂದಿನ ಎರಡೂ ಚಕ್ರ ಎಡಕ್ಕೆ ಬಲಕ್ಕೆ ಹೊಡ್ಕೊಳ್ಳೋಕೆ ಶುರು, ಒಂದೆರಡು ಸೆಕೆಂಡಲ್ಲಿ ಜಾಸ್ತಿ ಆಗ್ತಾ ಆಗ್ತಾ ಸ್ಟೇರಿಂಗ್ ಕೈಯಿಂದ ಕಿತ್ಕೊಂಡು ಹೋಗೋ ಮಟ್ಟಕ್ಕೆ, ಡ್ಯಾಶ್‌ಬೋರ್ಡ್ ಮೇಲಿಟ್ಟ ಸಾಮಾನೆಲ್ಲ ಕೆಳಗೆ. ಭರಮಸಾಗರದ ಹತ್ರ ಒಂದ್ಸಲ ಹಿಂಗಾದಾಗ ಪಕ್ಕದಲ್ಲಿ ಕೂತಿದ್ದ ನಮ್ಮ ಮಾವ ಚಿತ್ರದುರ್ಗ ಬರೋವರೆಗೂ ಒಂದು ಮಾತಾಡ್ಲಿಲ್ಲ. ಇದಕ್ಕೇ ಡೆತ್ ವಾಬಲ್ ಅನ್ನೋದು. ಬರೀ ಬ್ಯಾಲೆನ್ಸಿಂಗ್ ಹೋಗಿದ್ರೆ ಒಂದು ಸ್ಪೀಡಲ್ಲಿ ಸಣ್ಣಗೆ ಜುಮ್ ಅಂತ ಬರುತ್ತೆ, ಸ್ಪೀಡ್ ದಾಟಿದ್ರೆ ಕಮ್ಮಿ ಆಗುತ್ತೆ. ಇದು ಹಂಗಲ್ಲ, ಒಂದು ಪೆಟ್ಟು ಬಿದ್ದಮೇಲೆ ತಾನೇ ಬೆಳೆಯುತ್ತೆ, ಸ್ಪೀಡ್ ಇಳಿಸೋವರೆಗೆ ನಿಲ್ಲಲ್ಲ. ಬಂದಾಗ ಆಕ್ಸಿಲರೇಟರ್ ಬಿಡಿ, ಸ್ಟೇರಿಂಗ್ ಗಟ್ಟಿಯಾಗಿ ಹಿಡ್ಕೊಳ್ಳಿ ಆದ್ರೆ ಅದರ ಜೊತೆ ಗುದ್ದಾಡ್ಬೇಡಿ, ಗಾಬರಿಗೆ ಬ್ರೇಕ್ ಮೇಲೆ ನಿಂತ್ಕೋಬೇಡಿ, ನಿಧಾನಕ್ಕೆ ಇಳಿಸಿ ಸೈಡಿಗೆ ತಗೊಳ್ಳಿ.

ಇಲ್ಲಿಗೆ ಬರೋ ಮುಂಚೆ ಒಂದು ದೊಡ್ಡ ಅಲೈನ್‌ಮೆಂಟ್ ಶಾಪಿಗೆ ಹೋಗಿದ್ದೆ, ಹೆಸರು ಬೇಡ. ಕಂಪ್ಯೂಟರಲ್ಲಿ ಕೆಂಪು ಹಸಿರು ತೋರಿಸಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರೋ ಅಳತೆ) ಸೆಟ್ ಮಾಡಿ, "ಕ್ಯಾಸ್ಟರ್ ಇದರಲ್ಲಿ ಅಡ್ಜಸ್ಟ್ ಬರಲ್ಲ ಸಾರ್" ಅಂತ ಕಳಿಸಿದ್ರು. ಅವ್ರು ಹೇಳಿದ್ದು ಅರ್ಧ ನಿಜ, ಗಟ್ಟಿ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಅಚ್ಚು) ಗಾಡೀಲಿ ಕ್ಯಾಸ್ಟರಿಗೆ, ಅಂದ್ರೆ ಚಕ್ರ ಎಡಕ್ಕೆ ಬಲಕ್ಕೆ ತಿರುಗೋ ಅಕ್ಷ ಹಿಂದಕ್ಕೆ ವಾಲಿರೋ ಕೋನಕ್ಕೆ, ತಿರುಗಿಸೋ ಬೋಲ್ಟ್ ಇರಲ್ಲ. ಆದ್ರೆ ಸ್ಕ್ರೀನ್ ಮೇಲೆ ಕೆಂಪು ಕಾಣ್ತಿದ್ದನ್ನ ಹಂಗೇ ಬಿಟ್ಟು ಕಳಿಸೋದಾ? ಇನ್ನೊಂದ್ಕಡೆ ರಾಡ್ ಎಂಡ್ (ಸ್ಟೇರಿಂಗ್ ರಾಡುಗಳ ತುದಿಯ ಜಾಯಿಂಟು) ಎಲ್ಲ ಹೊಸದು ಹಾಕಿದ್ರು, ಒಂದು ವಾರ ಚೆನ್ನಾಗಿತ್ತು, ಮತ್ತೆ ಅದೇ ರಾಗ. ಆಮೇಲೆ ಸಿಕ್ಕಸಿಕ್ಕವರೆಲ್ಲ ಹೇಳಿದ್ದು ಒಂದೇ, ಹೆವಿ ಡ್ಯೂಟಿ ಸ್ಟೇರಿಂಗ್ ಡ್ಯಾಂಪರ್ (ಸ್ಟೇರಿಂಗ್ ರಾಡಿನ ಅಲ್ಲಾಟ ತಡೆಯೋ ಶಾಕ್ ಅಬ್ಸಾರ್ಬರ್) ಹಾಕ್ಸು, ಎಲ್ಲ ಸರಿಹೋಗುತ್ತೆ.

ಅದನ್ನೇ ಕೇಳ್ಕೊಂಡು ಈ ಶೆಡ್ಡಿಗೆ ಹೋಗಿದ್ದು. ಡ್ಯಾಂಪರ್ ಡಬ್ಬ ಅಲ್ಲೇ ರ್‍ಯಾಕಲ್ಲಿ ಕಾಣ್ತಿತ್ತು. "ಅಣ್ಣಾ, ಇದೊಂದು ಹಾಕಿಕೊಡಿ" ಅಂದ್ರೆ ಮಿಸ್ತ್ರಿ ಟೈರ್ ಕಡೆ ನೋಡಿ, "ಅಲ್ಲ ತಮ್ಮಾ, ಅದು ಅಲ್ಲಾಡೋದನ್ನ ಮುಚ್ಚಿಡ್ತೈತೆ ಅಷ್ಟೆ. ಒಳಗೆ ಲೂಸ್ ಇರೋದು ಲೂಸೇ ಇರ್ತೈತೆ. ಡ್ಯಾಂಪರ್ ಸತ್ತ ದಿನ ಹೈವೇಲಿ ಏನ್ ಮಾಡ್ತಿ?" ಅಂದ್ರು. ಮಾರಿದ್ರೆ ಅವ್ರಿಗೆ ಲಾಭ, ನಾನೂ ಖುಷಿಯಾಗೇ ಹೋಗ್ತಿದ್ದೆ. ಮಾರ್ಲಿಲ್ಲ.

ಮೊದ್ಲು ಮಾಡಿದ್ದು ನೀರು ಹೊಡೆದಿದ್ದು. ನಗು ಬರ್ಬಹುದು, ಆದ್ರೆ ನಮ್ಮ ಕಡೆ ಎರೆ ಮಣ್ಣು ರಿಮ್ಮಿನ ಒಳಗಡೆ ಮೆತ್ಕೊಂಡು ಒಣಗಿದ್ರೆ ಇಟ್ಟಿಗೆ ಥರ ಆಗುತ್ತೆ, ಅದೂ ಒಂದೇ ಸೈಡಿಗೆ. ಬ್ಯಾಲೆನ್ಸ್ ಕೆಡೋಕೆ ಬೇರೇನೂ ಬೇಡ. ಹುಡುಗ ಒಬ್ಬ ಸ್ಕ್ರೂಡ್ರೈವರ್ ಹಿಡ್ಕೊಂಡು ಕೆರೆದು ಕೆರೆದು ತೆಗೆದ, ಮುಂದಿನ ಟೈರ್ ಹಿಂದಕ್ಕೆ ಹಿಂದಿನದು ಮುಂದಕ್ಕೆ ಹಾಕಿ, ಗಾಳಿ ಸಮ ಮಾಡಿ ಒಂದು ರೌಂಡ್ ಹೋಗಿ ಬಂದ್ರು. ನಡುಕ ಸ್ವಲ್ಪ ಕಮ್ಮಿ, ಹೋಗಿರ್ಲಿಲ್ಲ. ಟೈರ್ ಮೇಲಿನ ಅನುಮಾನ ಅಲ್ಲಿಗೆ ಮುಗೀತು.

ಆಮೇಲೆ ಜಾಕ್ ಹಾಕ್ದೇನೇ, ಗಾಡಿ ಭಾರ ಚಕ್ರದ ಮೇಲೇ ಇದ್ದಂಗೆ ನನ್ನನ್ನ ಒಳಗೆ ಕೂರಿಸಿ ಸ್ಟೇರಿಂಗನ್ನ ಎಡಕ್ಕೆ ಬಲಕ್ಕೆ ಚೂರುಚೂರೇ ಆಡಿಸು ಅಂದ್ರು, ತಾವು ಕೆಳಗೆ ಮಲಗಿ ಒಂದೊಂದೇ ಜಾಯಿಂಟಿಗೆ ಬೆರಳಿಟ್ಟು ನೋಡ್ತಾ ಹೋದ್ರು. ಸ್ಟೇರಿಂಗ್ ಬಾಕ್ಸ್ ಚಾಸಿಗೆ ಕೂತಿರೋ ಬೋಲ್ಟ್, ಅಲ್ಲಿ ಚಾಸಿಲಿ ಏನಾದ್ರೂ ಕ್ರ್ಯಾಕ್ ಬಿಟ್ಟಿದ್ಯಾ, ಡ್ರ್ಯಾಗ್ ಲಿಂಕ್, ಟೈ ರಾಡ್, ಬ್ಲೇಡ್ ಬುಷ್, ಯು-ಬೋಲ್ಟ್. ಲೂಸ್ ಇದ್ರೆ ಕಣ್ಣಿಗೆ ಕಾಣೋದಕ್ಕಿಂತ ಮುಂಚೆ ಬೆರಳಿಗೆ ಟಕ್ ಅಂತ ಗೊತ್ತಾಗುತ್ತಂತೆ, ನನ್ನ ಬೆರಳೂ ಇಡಿಸಿ ತೋರಿಸಿದ್ರು. ರಾಡ್ ಎಂಡ್ ಹೊಸದಿದ್ವು, ಸರಿ ಇದ್ವು. ಶ್ಯಾಕಲ್ ಬುಷ್ ಒಂದು ಹೋಗಿತ್ತು.

ಆಮೇಲೆ ಜಾಕ್. ಟೈರ್ ಮೇಲೊಂದು ಕೈ ಕೆಳಗೊಂದು ಕೈ ಹಾಕಿ ಒಳಕ್ಕೆ ಹೊರಕ್ಕೆ ಜಗ್ಗಿದ್ರೆ ಟಕ್ ಟಕ್ ಅಂತು. ಇಲ್ಲಿವರೆಗೆ ಯಾವ ಗ್ಯಾರೇಜಾದ್ರೂ ಮಾಡುತ್ತೆ, ವೀಲ್ ಬೇರಿಂಗ್ ಹೋಗಿದೆ ಅಂತ ಬಿಲ್ ಬರೆಯುತ್ತೆ. ಇವ್ರು ಹುಡುಗನಿಗೆ ಬ್ರೇಕ್ ಒತ್ತು ಅಂದು ಮತ್ತೆ ಜಗ್ಗಿದ್ರು. ಬ್ರೇಕ್ ಒತ್ತಿದಾಗ ಚಕ್ರ, ನಕಲ್ (ಚಕ್ರ ಕೂತು ಎಡಕ್ಕೆ ಬಲಕ್ಕೆ ತಿರುಗೋ ಭಾಗ) ಎರಡೂ ಒಂದೇ ಆಗಿಬಿಡ್ತಾವೆ, ಲೂಸು ವೀಲ್ ಬೇರಿಂಗಲ್ಲಿದ್ರೆ ಆಗ ಟಕ್ ಅನ್ನೋದು ನಿಲ್ಬೇಕು. ನಿಲ್ಲಲಿಲ್ಲ ಅಂದ್ರೆ ಅದರ ಹಿಂದೆ ಇರೋ, ನಕಲ್ ತಿರುಗೋಕೆ ಆಧಾರವಾದ ಪಿನ್ನು, ಅಂದ್ರೆ ಕಿಂಗ್‌ಪಿನ್. ನಿಲ್ಲಲಿಲ್ಲ.

ಬಿಚ್ಚಿದಾಗ ನೋಡ್ಬೇಕಿತ್ತು. ನಕಲ್ ಸೀಲ್ ಹರಿದು ನೀರು ಮಣ್ಣು ಒಳಗೆ ಹೋಗಿ ಗ್ರೀಸ್ ಅನ್ನೋದು ಕಾಫಿಪುಡಿ ಬಣ್ಣದ ರಾಡಿ ಆಗಿತ್ತು. ಮಿಸ್ತ್ರಿ ಕಿಂಗ್‌ಪಿನ್ ಬೇರಿಂಗ್ ಕಪ್ಪನ್ನ ಬಟ್ಟೇಲಿ ಒರೆಸಿ ಬಿಸಿಲಿಗೆ ಹಿಡಿದು ತೋರಿಸಿದ್ರು, ರೋಲರ್‌ಗಳು ಕೂತ ಜಾಗದಲ್ಲಿ ಸಾಲಾಗಿ ಗೆರೆ ಗೆರೆ ಅಚ್ಚು ಬಿದ್ದಿತ್ತು. ಗಾಡಿ ಹೆಚ್ಚಿನಂಶ ನೇರ ಓಡೋದ್ರಿಂದ ಪೆಟ್ಟೆಲ್ಲ ಅದೇ ಜಾಗಕ್ಕೆ ಬಿದ್ದು ಹಂಗಾಗೋದು. ಸ್ಟೇರಿಂಗ್ ನೇರ ಬಂದಾಗ ಏನೋ ತಗ್ಗಿಗೆ ಬಿದ್ದು ಕೂತಂಗೆ ಅನ್ನಿಸ್ತಿತ್ತು, ಕಾರಣ ಇದು.

ಹೊಸ ಬೇರಿಂಗು, ಸೀಲು ಹಾಕಿದ ಮೇಲೆ ಮಾಡಿದ ಕೆಲಸಕ್ಕೇ ನಾನು ಅವ್ರಿಗೆ ಫ್ಯಾನ್ ಆಗಿದ್ದು. ಹಳೇ ಪೇಪರ್ ತೂಕ ಮಾಡೋರ ಹತ್ರ ಇರುತ್ತಲ್ಲ, ಕೊಕ್ಕೆ ಇರೋ ಸ್ಪ್ರಿಂಗ್ ತಕ್ಕಡಿ, ಅದನ್ನ ನಕಲ್ಲಿನ ತುದಿಗೆ ಸಿಗಿಸಿ ನಿಧಾನಕ್ಕೆ ಎಳೆದ್ರು. ನಕಲ್ ಅಲ್ಲಾಡೋಕೆ ಶುರುವಾದ ಕ್ಷಣ ಮುಳ್ಳು ಎಲ್ಲಿದೆ ನೋಡ್ಬೇಕು. ತೀರಾ ಹಗುರಕ್ಕೆ ಬಂದ್ರೆ ಬೇರಿಂಗ್ ಮೇಲೆ ಒತ್ತಡ ಸಾಲದು, ಕಿಂಗ್‌ಪಿನ್ ಕೆಳಗಿರೋ ತೆಳ್ಳನೆ ತಗಡಿನ ಶಿಮ್ ಒಂದು ತೆಗೀಬೇಕು, ತೀರಾ ಬಿಗಿ ಬಂದ್ರೆ ಒಂದು ಸೇರಿಸ್ಬೇಕು. ತೆಗೆದು ಹಾಕಿ, ಮತ್ತೆ ಬಿಚ್ಚಿ, ಮತ್ತೆ ಎಳೆದು, ಎರಡೂ ಸೈಡು ಒಂದೇ ಥರ ಬರೋವರೆಗೆ ಬಿಡ್ಲಿಲ್ಲ. ಬೇರಿಂಗ್ ಹೊಸದು ಹಾಕಿ ಹಳೇ ಶಿಮ್ಮೇ ಹಂಗೇ ಒತ್ತಿ ಮುಚ್ಚಿದ್ರೆ ಕೆಲವು ತಿಂಗಳಲ್ಲಿ ಮತ್ತೆ ಬರ್ತೀಯ ಅಂದ್ರು.

ಇನ್ನು ಕ್ಯಾಸ್ಟರ್. ಸೈಕಲ್ ಫೋರ್ಕ್ ಹಿಂದಕ್ಕೆ ವಾಲಿರೋದ್ರಿಂದ ತಾನೇ ಕೈ ಬಿಟ್ರೂ ನೇರ ಹೋಗೋದು, ಇಲ್ಲೂ ಅದೇ ಲೆಕ್ಕ. ಇಂಥ ಜಿಪ್ಸಿಗೆ ಮೂರೂವರೆ ಡಿಗ್ರಿ ಆಸುಪಾಸು ಇರ್ಬೇಕು. ಉದ್ದ ಶ್ಯಾಕಲ್ ಹಾಕಿದ್ರೆ ಬ್ಲೇಡಿನ ಒಂದು ತುದಿ ಮಾತ್ರ ಇಳಿದು ಇಡೀ ಆಕ್ಸಲ್ ಮುಂದಕ್ಕೆ ಮಗುಚುತ್ತೆ, ಕ್ಯಾಸ್ಟರ್ ತಿಂದುಹಾಕುತ್ತೆ, ಸ್ಟೇರಿಂಗ್ ಹಗುರ ಆಯ್ತು ಅಂತ ನಾವು ಖುಷಿಪಡ್ತೀವಿ. ಇದಕ್ಕೆ ಬ್ಲೇಡಿಗೂ ಆಕ್ಸಲ್ಲಿಗೂ ನಡುವೆ ಓರೆಯಾಗಿ ಕಡೆದ ವೆಡ್ಜ್ ಹಾಕ್ಬೇಕು. ನಾಲ್ಕು ಡಿಗ್ರಿದೇ ಹಾಕಿ ಅಂದೆ, ಬೇಡ ಅಂದ್ರು. ಯಾಕಂದ್ರೆ ಆಕ್ಸಲನ್ನ ಹಿಂದಕ್ಕೆ ತಿರುಗಿಸಿದಷ್ಟೂ ಡಿಫರೆನ್ಶಿಯಲ್ ಮೂತಿ (ಶಾಫ್ಟ್ ಬಂದು ಕೂರೋ ಜಾಗ) ಕೆಳಕ್ಕೆ ಹೋಗುತ್ತೆ, ಮುಂದಿನ ಶಾಫ್ಟಿನ ಕ್ರಾಸ್ ಜಾಯಿಂಟ್ ಓರೆ ಜಾಸ್ತಿ ಆಗಿ ಫೋರ್ ವೀಲ್ ಹಾಕಿದಾಗ ಅಲ್ಲಿ ಬೇರೆ ನಡುಕ ಶುರು. ಎತ್ತರದ ಮೇಲೆ ಎತ್ತರ ಮಾಡಿಸೋರು ಈ ಮಾತು ಕೇಳಿಸ್ಕೊಳ್ಬೇಕು, ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಬಿಚ್ಕೊಳ್ಳುತ್ತೆ. ಎರಡು ಡಿಗ್ರಿದು ಲೇತಲ್ಲಿ ಸ್ಟೀಲಿಂದೇ ಮಾಡಿಸಿದ್ರು, ಅಲ್ಯೂಮಿನಿಯಂದು ಒಡೆಯುತ್ತೆ ಅಂತ ಮುಟ್ಟಲ್ಲ, ಸೆಂಟರ್ ಬೋಲ್ಟೂ ಉದ್ದದ್ದು ಹಾಕಿದ್ರು.

ಟೋ ಸೆಟ್ ಮಾಡಿದ್ದು ಚಾಕ್‌ಪೀಸ್, ಮೊಳೆ, ಟೇಪಲ್ಲಿ. ಟೈರ್ ತಿರುಗಿಸಿ ಮೊಳೆಯಿಂದ ನಡುವೆ ಗೆರೆ ಹಾಕಿ, ಮುಂದೆ ಹಿಂದೆ ಅಳತೆ ತಗೊಂಡ್ರು, ಅಷ್ಟೇ.

ಆಮೇಲಿನ ಟ್ರಯಲ್ಲೇ ನನಗೆ ನಂಬೋಕಾಗ್ದಿದ್ದು. ಇದ್ದ ಹಳೇ ಡ್ಯಾಂಪರನ್ನೂ ಬಿಚ್ಚಿ ಹಿಂದಿನ ಸೀಟಿನ ಕೆಳಗೆ ಹಾಕಿ "ನಡಿ" ಅಂದ್ರು. ಆನಗೋಡು ಕಡೆ ಹೈವೇಲಿ ಸರ್ವಿಸ್ ರೋಡಿಂದ ಶುರುಮಾಡಿ, ಖಾಲಿ ಇದ್ದಾಗ ಐವತ್ತು, ಅರವತ್ತು, ಎಪ್ಪತ್ತು, ಬೇಕಂತಲೇ ಜಾಯಿಂಟ್ ಮೇಲೆ ಒಂದು ಚಕ್ರ ಹತ್ತಿಸಿ. ಒಂದ್ಸಲ ದಡ್ ಅಂತು, ಸುಮ್ಮನಾಯ್ತು. ಡ್ಯಾಂಪರ್ ಇಲ್ದೇನೇ ನೇರ ಹೋಗ್ಬೇಕು, ಆಮೇಲೆ ಹಾಕಿದ್ರೆ ಅದು ಗುಂಡಿ ಪೆಟ್ಟನ್ನಷ್ಟೇ ತಡೆಯೋಕೆ ಅನ್ನೋದು ಅವ್ರ ವಾದ. (ಈ ಟ್ರಯಲ್ ನೀವು ನೀವೇ ಮಾಡೋಕೆ ಹೋಗ್ಬೇಡಿ, ಲೂಸ್ ಹುಡುಕಿ ಮುಗಿಸೋ ಮುಂಚೆ ಅಂತೂ ಬೇಡ್ವೇ ಬೇಡ.) ವಾಪಸ್ ಬಂದು ಹಳೇದನ್ನೇ ಹಾಕಿಕೊಟ್ರು. ರ್‍ಯಾಕಲ್ಲಿದ್ದ ಹೊಸ ಡಬ್ಬ ರ್‍ಯಾಕಲ್ಲೇ ಉಳೀತು.

ನಾನು ಕಾಯ್ತಿದ್ದಾಗ ಒಬ್ರು ಹೊಸ ಥಾರ್ ತಂದಿದ್ರು, ಅವ್ರಿಗೂ ಸ್ಟೇರಿಂಗ್ ನಡುಕನೇ. ಅದರಲ್ಲಿ ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಶನ್, ಕಿಂಗ್‌ಪಿನ್ನೇ ಇಲ್ಲ, ಬಾಲ್ ಜಾಯಿಂಟು ಆರ್ಮ್ ಬುಷ್ಷು ನೋಡ್ಬೇಕು, ಹೆಚ್ಚಿನ ಸಲ ಟೈರ್ ಬ್ಯಾಲೆನ್ಸೇ ಇರುತ್ತೆ ಅಂದ್ರು. ಜಿಮ್ನಿ ಇಟ್ಕೊಂಡಿರೋರಿಗಾದ್ರೆ ಇದೆಲ್ಲ ಅನ್ವಯ ಆಗುತ್ತೆ, ಅದಕ್ಕೂ ಮುಂದೆ ಗಟ್ಟಿ ಆಕ್ಸಲ್ಲು, ಕಿಂಗ್‌ಪಿನ್ನು, ಮೇಲಿಂದ ಕಾಯಿಲ್ ಸ್ಪ್ರಿಂಗ್ ಆದ್ರಿಂದ ಆಕ್ಸಲನ್ನ ಅಡ್ಡಕ್ಕೆ ಹಿಡಿದಿರೋ ಪ್ಯಾನಾರ್ಡ್ ರಾಡ್ ಬೇರೆ. ಆ ರಾಡಿನ ಬುಷ್, ಅದರ ಬೋಲ್ಟ್ ಮೊದ್ಲು ನೋಡಿಸಿ.

ಬೈಬೇಕಾದ್ದೂ ಇದೆ. ಬೆಳಿಗ್ಗೆ ಬಿಟ್ರೆ ಸಂಜೆ ಅಂತಾರೆ, ಸಂಜೆ ಅಂದ್ರೆ ನಾಳೆ. ನಡುವೆ ಯಾವ್ದಾದ್ರೂ ಟ್ರ್ಯಾಕ್ಟರ್ ಬಂತು ಅಂದ್ರೆ ನಿಮ್ಮ ಗಾಡಿ ಜಾಕ್ ಮೇಲೇ ನಿಂತಿರುತ್ತೆ, ಕೇಳಿದ್ರೆ "ಅವ್ನಿಗೆ ಹೊಲ ಕಾಯ್ತೈತೆ, ನಿಂಗೇನು" ಅಂತಾರೆ, ಅದಕ್ಕೇನು ಉತ್ತರ ಕೊಡ್ತೀರಿ. ಪಕ್ಕಾ ಬಿಲ್ ಇಲ್ಲ, ಚೀಟಿ ಮೇಲೆ ಪೆನ್ಸಿಲ್. ಪಾರ್ಟ್ ನೀವೇ ತಂದ್ಕೊಡಿ ಅಂತಾರೆ, ಜಿಪ್ಸಿದು ಸಿಗೋಕೇನೂ ಕಷ್ಟ ಇಲ್ಲ, ಆದ್ರೆ ಡೂಪ್ಲಿಕೇಟ್ ಬೇರಿಂಗ್ ತಂದ್ರೆ ಮುಖಕ್ಕೇ ಎಸೆಯೋದೊಂದು ಬಾಕಿ. ನನ್ನ ಸೀಟ್ ಮೇಲೆ ಗ್ರೀಸಿನ ಕೈ ಅಚ್ಚು ಇನ್ನೂ ಹೋಗಿಲ್ಲ. ಲೇಬರ್ ಮಾತ್ರ ನ್ಯಾಯ, ಮುನ್ನೂರನ್ನೂ ಅದರಲ್ಲೇ ಕಳೆದ್ರು. ಐದಕ್ಕೆ ನಾಲ್ಕು ಸ್ಟಾರ್, ಒಂದು ಸ್ಟಾರ್ ಕಾಯಿಸಿದ್ದಕ್ಕೆ ಕಟ್.

ಹೋಗೋರು ಅಮಾವಾಸ್ಯೆ ದಿನ ಹೋಗ್ಬೇಡಿ, ಪೂಜೆ ಮಾಡಿ ಬಾಗಿಲು ಹಾಕ್ತಾರೆ. ಗಾಡಿ ತೊಳ್ಕೊಂಡು ಹೋಗಿ, ರಿಮ್ ಒಳಗಡೆನೂ. ಯಾವ ಸ್ಪೀಡಲ್ಲಿ ಬರುತ್ತೆ, ಗುಂಡಿ ಬಿದ್ದಾಗ ಬರುತ್ತಾ ಸುಮ್ಮನೇನೂ ಬರುತ್ತಾ, ಬ್ರೇಕ್ ಒತ್ತಿದ್ರೆ ಜಾಸ್ತಿ ಆಗುತ್ತಾ ಅಂತ ಗಮನಿಸ್ಕೊಂಡು ಹೋಗಿ, ಅದನ್ನೇ ಕೇಳ್ತಾರೆ. ವೆಡ್ಜ್ ಹಾಕ್ಸಿದ್ರೆ ಐನೂರು ಕಿಲೋಮೀಟರ್ ಆದ್ಮೇಲೆ ಮತ್ತೆ ಹೋಗಿ ಯು-ಬೋಲ್ಟ್ ಟೈಟ್ ಮಾಡಿಸಿ, ದುಡ್ಡು ತಗೊಳ್ಳಲ್ಲ.