ಚಿಕ್ಕಪ್ಪನ ಹಳೇ ಲ್ಯಾಪ್‌ಟಾಪ್‌ಗೆ ಮಿಂಟಾ, ಉಬುಂಟುನಾ, ಲುಬುಂಟುನಾ?

ತೀರ್ಥಹಳ್ಳಿಯ ಚಿಕ್ಕಪ್ಪನ ಲ್ಯಾಪ್‌ಟಾಪ್‌ಗೆ ಯಾವ ಲಿನಕ್ಸ್ (ವಿಂಡೋಸ್ ಥರದ್ದೇ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಲಿ, ಅದರಲ್ಲೇ ಮೂರು ಬಗೆಯಾದ ಮಿಂಟಾ, ಉಬುಂಟುನಾ, ಲುಬುಂಟುನಾ ಅಂತ ಕೇಳಿದ್ದೀರಿ. ಅಡಿಕೆ ಧಾರಣೆ ನೋಡೋದು, ಪಹಣಿ ಪ್ರಿಂಟ್, ಯೂಟ್ಯೂಬ್ ಇಷ್ಟೇ ಕೆಲಸ ಅಲ್ವಾ? ದುಡ್ಡಿನ ಮಾತೇ ಇಲ್ಲ, ಮೂರೂ ಪುಕ್ಕಟೆ.

ಮೊದಲು ರ‍್ಯಾಮ್ ನೋಡಿ. 4 ಜಿಬಿ ಇದ್ದರೆ ಮಿಂಟ್ ಆರಾಮಾಗಿ ಓಡುತ್ತದೆ. ಉಬುಂಟು ಅಷ್ಟರಲ್ಲಿ ಏದುಸಿರು ಬಿಡುತ್ತದೆ, ಅದಕ್ಕೆ 8 ಜಿಬಿ ಇದ್ದರೆ ಚೆಂದ. 2 ಜಿಬಿ ಮಾತ್ರ ಇದ್ದರೆ ಸುಮ್ನೆ ಲುಬುಂಟು ಹಾಕಿ, ಬ್ರೌಸರ್‌ನಲ್ಲಿ ಜಾಸ್ತಿ ಟ್ಯಾಬ್ ತೆರೆಯಬೇಡಿ ಅಂತಲೂ ಹೇಳಿಬಿಡಿ.

ಬಳಕೆ ವಿಷಯಕ್ಕೆ ಬಂದರೆ, ವಿಂಡೋಸ್ ಕೈಗೆ ಕೂತವರಿಗೆ ಮಿಂಟ್ ಹೊಸದು ಅನಿಸುವುದಿಲ್ಲ, ಎಡಗಡೆ ಕೆಳಗೆ ಮೆನು, ಬಲಗಡೆ ಕೆಳಗೆ ಗಡಿಯಾರ, ಎಲ್ಲ ಹಾಗೇ. ನಮ್ಮ ಅಪ್ಪನಿಗೆ ಮೊದಲು ಉಬುಂಟು ಹಾಕಿಕೊಟ್ಟಿದ್ದೆ, ಮಿನಿಮೈಸ್ ಬಟನ್ ಎಲ್ಲೋಯ್ತು ಅಂತ ದಿನಾ ಫೋನು! ಆದರೆ ಮೊಬೈಲ್ ಮಾತ್ರ ಗೊತ್ತಿರುವವರಿಗೆ ಉಬುಂಟುವಿನ ದೊಡ್ಡ ಐಕಾನ್‌ಗಳೇ ಸಲೀಸು.

ಮಳೆಗಾಲದಲ್ಲಿ ಕರೆಂಟ್ ಹೋಗಿ ಅಪ್‌ಡೇಟ್ ಅರ್ಧಕ್ಕೆ ನಿಂತರೆ? ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಅನ್ನೋ ಬ್ಯಾಕಪ್ ತಂತ್ರಾಂಶ ಜೊತೆಗೇ ಬರುತ್ತದೆ, ಮೊದಲೇ ಹೊಂದಿಸಿಟ್ಟರೆ ಹಿಂದಿನ ಸ್ಥಿತಿಗೆ ತರಬಹುದು. ಉಳಿದೆರಡಕ್ಕೆ ಬೇರೆಯಾಗಿ ಹಾಕಿಕೊಳ್ಳಬೇಕು. ಎಲ್‌ಟಿಎಸ್ (ಹೆಚ್ಚು ವರ್ಷ ಅಪ್‌ಡೇಟ್ ಸಿಗುವ) ಆವೃತ್ತಿಯೇ ಹಾಕಿ: ಉಬುಂಟು, ಮಿಂಟ್‌ಗೆ 5 ವರ್ಷ ಅಪ್‌ಡೇಟ್, ಲುಬುಂಟುಗೆ 3.

ಕನ್ನಡ ಟೈಪಿಂಗ್ ಮೂರರಲ್ಲೂ ಐಬಸ್ ಅನ್ನೋ ಟೈಪಿಂಗ್ ತಂತ್ರಾಂಶದಿಂದ ಆಗುತ್ತದೆ. ಹಳೇ ನುಡಿ ಫಾಂಟಿನ ಕಡತಗಳಿದ್ದರೆ ಮಾತ್ರ ಮೊದಲೇ ಯೂನಿಕೋಡ್‌ಗೆ (ಎಲ್ಲ ಕಂಪ್ಯೂಟರ್‌ನಲ್ಲೂ ಓದಬಹುದಾದ ಅಕ್ಷರ ವಿಧಾನ) ಬದಲಿಸಿಕೊಳ್ಳಿ.

ಆರಿಸಿದ ಲಿನಕ್ಸನ್ನು ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ, ಅವರ ಪ್ರಿಂಟರ್‌ನಲ್ಲಿ ಒಂದು ಪಹಣಿ ತೆಗೆದು ನೋಡಿ, ಆಮೇಲೆ ಇನ್‌ಸ್ಟಾಲ್ ಮಾಡಿ.